ಮಿಡಿ ಉಪ್ಪಿನಕಾಯಿಗೆ ಮೂರು ತಿಂಗಳ ಜಾಲತಾಣ ಪ್ರಚಾರ: ಒಂದು ಸೇವೆಯ ವಿಮರ್ಶೆ

ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ದೂರದ ನಮ್ಮ ಊರಿನಲ್ಲಿ ಅತ್ತಿಗೆ, ಚಿಕ್ಕಪ್ಪನ ಮಗಳು ಮತ್ತು ನಾನು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು (ಪುನರ್ಪುಳಿ) ಸಿರಪ್ ಹಾಗೂ ಹಲಸಿನ ಹಪ್ಪಳ ತಯಾರಿಸಿ ಮಾರುವ ಸಣ್ಣ ಉದ್ದಿಮೆಯೊಂದನ್ನು ನಡೆಸುತ್ತಿದ್ದೇವೆ. ಮೊದಲ ಎರಡು ವರ್ಷ ನಮ್ಮ ಮಾರಾಟವೆಲ್ಲ ಪೇಟೆಯ ನಾಲ್ಕಾರು ಅಂಗಡಿಗಳಿಗೆ ಮತ್ತು ಬೆಂಗಳೂರಿನಲ್ಲಿರುವ ನೆಂಟರಿಷ್ಟರಿಗೆ ಸೀಮಿತವಾಗಿತ್ತು. ಮೂರನೆಯ ವರ್ಷ ನೆಂಟರಾಚೆಗಿನ ಗ್ರಾಹಕರನ್ನು ತಲುಪಲೇಬೇಕೆಂದು ನಿರ್ಧರಿಸಿ, ಹೊಸ ಉದ್ದಿಮೆಗಳಿಗೆಂದೇ ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರ ಮಾಡಿಕೊಡುವ ಬೇರೆ ಊರಿನ ಏಜೆನ್ಸಿಯೊಂದರಿಂದ ಮೂರು ತಿಂಗಳ ‘ಸ್ಟಾರ್ಟ್‌ಅಪ್ ಪ್ಯಾಕೇಜ್’ ಕೊಂಡೆವು. ಆ ಏಜೆನ್ಸಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆನಂತರ ಇನ್ನೂ ಮೂರು ಕಡೆಯಿಂದ ದರಪಟ್ಟಿ ತರಿಸಿ ನೋಡಿದಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿದ್ದವು. ಆದ್ದರಿಂದ ನಾನು ವಿಮರ್ಶಿಸುತ್ತಿರುವುದು ಒಂದು ಸಂಸ್ಥೆಯನ್ನಲ್ಲ, ನಮ್ಮಂಥವರು ದುಡ್ಡು ಕೊಟ್ಟು ಕೊಳ್ಳುವ ಈ ಬಗೆಯ ಸೇವೆಯನ್ನು.

ಪ್ಯಾಕೇಜಿನಲ್ಲಿ ಇದ್ದದ್ದು ಇಷ್ಟು: ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗಳಲ್ಲಿ ತಿಂಗಳಿಗೆ ಹನ್ನೆರಡು ಪೋಸ್ಟ್, ನಾಲ್ಕು ರೀಲ್ಸ್, ಹಬ್ಬಹರಿದಿನಗಳ ಶುಭಾಶಯದ ಪೋಸ್ಟರ್‌ಗಳು, ಜಾಹೀರಾತಿನ ನಿರ್ವಹಣೆ ಮತ್ತು ತಿಂಗಳ ಕೊನೆಗೊಂದು ವರದಿ. ಶುಲ್ಕ ತಿಂಗಳಿಗೆ 15,000 ರೂಪಾಯಿ. ಜಾಹೀರಾತಿಗೆ ಖರ್ಚಾಗುವ 5,000 ರೂಪಾಯಿ ಬೇರೆ. ಎರಡರ ಮೇಲೂ ಶೇ. 18ರ ಜಿಎಸ್‌ಟಿ. ನಾವು ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಅವಧಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಮಿಡಿ ಕೊಯ್ಯುವುದು, ಉಪ್ಪಿಗೆ ಹಾಕುವುದು, ಮಸಾಲೆ ಅರೆದು ಭರಣಿ ತುಂಬುವುದು ಎಲ್ಲವೂ ನಡೆಯುವ ತಿಂಗಳುಗಳು ಅವು. ಹಲಸಿನ ಹಪ್ಪಳ, ಮುರುಗಲು ಹಣ್ಣು ಅದರ ಬೆನ್ನಿಗೇ ಬರುತ್ತವೆ. ವರ್ಷದಲ್ಲಿ ತೋರಿಸಲು ಏನಾದರೂ ಇದ್ದರೆ ಅದು ಆ ಹೊತ್ತಿನಲ್ಲೇ ಇರುತ್ತದೆ.

ಒಳ್ಳೆಯದನ್ನು ಮೊದಲು ಹೇಳಬೇಕು. ಮೊದಲ ಹತ್ತು ದಿನಗಳಲ್ಲಿ ಅವರು ಮಾಡಿಕೊಟ್ಟ ಅಡಿಪಾಯದ ಕೆಲಸ ನಿಜಕ್ಕೂ ಬೆಲೆಬಾಳುವಂಥದ್ದು. ಚಿಕ್ಕಪ್ಪನ ಮಗಳ ಸ್ವಂತ ಖಾತೆಯಂತೆ ಇದ್ದ ನಮ್ಮ ಇನ್‌ಸ್ಟಾಗ್ರಾಮ್ ಪುಟವನ್ನು ವ್ಯಾಪಾರದ ಖಾತೆಯಾಗಿ ಬದಲಿಸಿದರು, ಪರಿಚಯದ ಸಾಲಿನಲ್ಲಿ ಏನು ಮಾರುತ್ತೇವೆ, ಎಲ್ಲಿಗೆ ಕಳಿಸುತ್ತೇವೆ, ಹೇಗೆ ಆರ್ಡರ್ ಮಾಡಬೇಕು ಎಂಬುದನ್ನು ಮೂರೇ ಸಾಲಿನಲ್ಲಿ ಬರೆಸಿದರು, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯ ಹದಿನಾಲ್ಕು ಅಂಕಿಯ ಸಂಖ್ಯೆ ಪ್ರತಿ ಉತ್ಪನ್ನದ ಚಿತ್ರದಲ್ಲೂ ಓದಲು ಬರುವಂತೆ ಕಾಣಿಸಬೇಕೆಂದು ಹಟ ಹಿಡಿದರು. ಒಂದು ದಿನ ಫೋಟೋಗ್ರಾಫರ್ ಒಬ್ಬರನ್ನು ಕಳಿಸಿದರು. ಆ ಹುಡುಗ ಬೆಳಗ್ಗೆ ಏಳಕ್ಕೆ ಬಂದವನು ತಂದಿದ್ದ ದೀಪಗಳನ್ನೆಲ್ಲ ಬದಿಗಿಟ್ಟು, ನಮ್ಮ ಜಗಲಿಯ ಮೂಡಣ ಮೂಲೆಯಲ್ಲಿ ಬೀಳುವ ಬಿಸಿಲಿಗೆ ಒಂದು ಬಿಳಿ ಪಂಚೆ ಅಡ್ಡ ಕಟ್ಟಿ, ಅದರ ಕೆಳಗೆ ಭರಣಿ, ಬಾಟಲಿ, ಹಪ್ಪಳದ ಮಣೆ ಎಲ್ಲವನ್ನೂ ಒಂದೊಂದಾಗಿ ಇಟ್ಟು ಮಧ್ಯಾಹ್ನದೊಳಗೆ ಎಂಬತ್ತು ಚಿತ್ರ ತೆಗೆದ. ಆ ಚಿತ್ರಗಳನ್ನು ನಾವು ಇವತ್ತಿಗೂ ಬಳಸುತ್ತಿದ್ದೇವೆ. ಇಡೀ ಪ್ಯಾಕೇಜಿನಲ್ಲಿ ಕೊಟ್ಟ ಹಣಕ್ಕೆ ತಕ್ಕ ವಸ್ತು ಯಾವುದೆಂದು ಕೇಳಿದರೆ ಆ ಅರ್ಧ ದಿನದ ಕೆಲಸವನ್ನೇ ನಾನು ಮೊದಲು ಹೆಸರಿಸುತ್ತೇನೆ.

ತೊಂದರೆ ಶುರುವಾದದ್ದು ತಿಂಗಳ ಪೋಸ್ಟ್‌ಗಳ ಪಟ್ಟಿಯಿಂದ. ಹನ್ನೆರಡು ಪೋಸ್ಟ್ ಎಂದು ಒಪ್ಪಂದದಲ್ಲಿ ಬರೆದ ಮೇಲೆ ಹನ್ನೆರಡನ್ನು ತುಂಬಿಸಲೇಬೇಕು. ಫೆಬ್ರುವರಿಯ ಪಟ್ಟಿಯಲ್ಲಿ ಪ್ರೇಮಿಗಳ ದಿನಕ್ಕೊಂದು ಪೋಸ್ಟರ್ ಇತ್ತು. ಆಲೆಮನೆಯ ಸುದ್ದಿ ಇರಲಿಲ್ಲ, ಅಡಿಕೆ ಕೊಯ್ಲು ಮುಗಿದು ಊರಿನ ಮನೆಗಳಿಗೆ ಹಣ ಬರುವ ಕಾಲ ಅದು ಎಂಬ ಅರಿವು ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಹೊರಗಿನ ಮಕ್ಕಳು, ಮೊಮ್ಮಕ್ಕಳೆಲ್ಲ ಊರಿಗೆ ಬರುತ್ತಾರೆ, ಹೋಗುವಾಗ ಚೀಲದಲ್ಲಿ ಉಪ್ಪಿನಕಾಯಿ ತುಂಬಿಕೊಂಡೇ ಹೋಗುತ್ತಾರೆ ಎಂಬುದನ್ನು ನಾವಾಗಿಯೇ ವಿವರಿಸಿ ಹೇಳಬೇಕಾಯಿತು. ಹೊರಗಿನವರಿಗೆ ಇದು ಗೊತ್ತಿರಬೇಕೆಂದು ನಿರೀಕ್ಷಿಸುವುದು ತಪ್ಪಿರಬಹುದು. ಆದರೆ ಪಟ್ಟಿ ಮಾಡುವ ಮುಂಚೆ ‘ನಿಮ್ಮ ಗ್ರಾಹಕರು ಯಾವ ತಿಂಗಳಲ್ಲಿ ಏನು ಕೊಳ್ಳುತ್ತಾರೆ’ ಎಂದು ಒಂದು ಮಾತು ಕೇಳುವುದು ಇಂಥ ಸೇವೆಯ ಮೊದಲ ಹೆಜ್ಜೆಯಾಗಿರಬೇಕಿತ್ತು.

ಎರಡನೆಯ ವಾರ ಅದಕ್ಕಿಂತ ದೊಡ್ಡ ತಪ್ಪಾಯಿತು. ಉಪ್ಪಿನಕಾಯಿಯ ಪೋಸ್ಟರ್ ಒಂದಕ್ಕೆ ಅವರು ಅಂತರ್ಜಾಲದ ಚಿತ್ರಭಂಡಾರದಿಂದ ಮಾವಿನ ಹೋಳುಗಳ ಚಿತ್ರ ಹಾಕಿದ್ದರು: ಎಣ್ಣೆಯಲ್ಲಿ ಮುಳುಗಿದ, ಮೆಂತ್ಯ ಮೇಲೆ ತೇಲುವ ಕೆಂಪು ಹೋಳುಗಳು. ನಮ್ಮದು ತೊಟ್ಟು ಸಹಿತ ಕೊಯ್ದ ಇಡೀ ಮಿಡಿ. ಅದು ಉಪ್ಪುನೀರಿನಲ್ಲಿ, ತನ್ನದೇ ಸೊನೆಯ ಪರಿಮಳದಲ್ಲಿ ಬಾಳುವಂಥದ್ದು, ಅದಕ್ಕೆ ಎಣ್ಣೆಯನ್ನೇ ಹಾಕುವುದಿಲ್ಲ. ಮಲೆನಾಡಿನವರಿಗೆ ಈ ವ್ಯತ್ಯಾಸ ಒಂದು ನೋಟಕ್ಕೇ ತಿಳಿಯುತ್ತದೆ. ಸಾಗರದ ಓದುಗರೊಬ್ಬರು ಕೆಳಗೆ ‘ಇದು ಮಿಡಿಯಲ್ಲವಲ್ಲ, ಹೋಳಿನ ಉಪ್ಪಿನಕಾಯಿ’ ಎಂದು ಬರೆದರು, ಅದಕ್ಕೆ ಇನ್ನೂ ಏಳೆಂಟು ಜನ ದನಿಗೂಡಿಸಿದರು. ಯಾರನ್ನು ಒಲಿಸಿಕೊಳ್ಳಬೇಕೆಂದು ಹಣ ಕೊಟ್ಟಿದ್ದೆವೋ ಅವರೆದುರಿಗೇ ನಮ್ಮ ಸರಕಿನ ಬಗ್ಗೆ ಅನುಮಾನ ಹುಟ್ಟಿತು. ಪೋಸ್ಟರನ್ನು ತೆಗೆಸಲು ಒಂದು ದಿನ ಹಿಡಿಯಿತು, ಏಕೆಂದರೆ ಅದು ಭಾನುವಾರವಾಗಿತ್ತು.

ಬರೆಹದ ವಿಷಯದಲ್ಲೂ ಎಚ್ಚರ ಬೇಕಾಯಿತು. ಮುರುಗಲು ಸಿರಪ್‌ನ ಪೋಸ್ಟಿನಲ್ಲಿ ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ, ತೂಕ ಇಳಿಸುತ್ತದೆ’ ಎಂದು ಬರೆದಿದ್ದರು. ಆಹಾರದ ಜಾಹೀರಾತಿನಲ್ಲಿ ಮಾಡುವ ಹೇಳಿಕೆಗಳಿಗೆ 2018ರಲ್ಲಿ ಎಫ್‌ಎಸ್‌ಎಸ್‌ಎಐ ಪ್ರತ್ಯೇಕ ನಿಯಮಾವಳಿಯನ್ನೇ ತಂದಿದೆ. ಆರೋಗ್ಯದ ಬಗೆಗಿನ ಮಾತಿಗೆ ವೈಜ್ಞಾನಿಕ ಆಧಾರ ಬೇಕು, ಗ್ರಾಹಕರನ್ನು ದಾರಿತಪ್ಪಿಸುವಂತೆ ಅದು ಇರಕೂಡದು. ಹೊಣೆ ಬರುವುದು ಪೋಸ್ಟರ್ ಬರೆದವರಿಗಿಂತ ಮೊದಲು ಸರಕು ಮಾರುವವರ ಮೇಲೆ. ಇನ್ನೊಂದು ಪೋಸ್ಟರಿನಲ್ಲಿ, ಒಂದು ಪ್ರದೇಶದ ವಿಶಿಷ್ಟ ಸರಕಿಗೆ ಕೊಡುವ ಭೌಗೋಳಿಕ ಸೂಚಿಕೆಯ (ಜಿಐ) ಲಾಂಛನವನ್ನೇ ಅಂಟಿಸಿದ್ದರು. ಅಪ್ಪೆಮಿಡಿಗೆ ಜಿಐ ಮಾನ್ಯತೆ ಇದೆ ಎಂಬುದು ನಿಜ, ನಮ್ಮ ಜಿಲ್ಲೆಯ ಶಿರಸಿ ಅಡಿಕೆಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಅದು ಸಿಕ್ಕಿದೆ ಎಂಬುದೂ ನಿಜ. ಆದರೆ ಆ ಗುರುತನ್ನು ವ್ಯಾಪಾರಕ್ಕೆ ಬಳಸಬೇಕಾದರೆ 1999ರ ಕಾಯ್ದೆಯಂತೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ನಾವು ಆಗ ನೋಂದಾಯಿಸಿಕೊಂಡಿರಲಿಲ್ಲ. ಇವೆರಡನ್ನೂ ಪ್ರಕಟವಾಗುವ ಮುಂಚೆ ತಡೆದವಳು ಚಿಕ್ಕಪ್ಪನ ಮಗಳು. ಆ ದಿನದಿಂದ ನಮ್ಮ ಒಪ್ಪಿಗೆಯಿಲ್ಲದೆ ಒಂದು ಸಾಲೂ ಹೊರಬೀಳಬಾರದೆಂದು ಲಿಖಿತವಾಗಿ ತಿಳಿಸಿದೆವು, ಅದನ್ನು ಅವರು ಕೊನೆಯವರೆಗೂ ಪಾಲಿಸಿದರು.

ಇನ್ನು ಜಾಹೀರಾತು. ಇಲ್ಲಿ ಸ್ವಲ್ಪ ವಿವರವಾಗಿ ಬರೆಯುವುದು ಅಗತ್ಯ, ಏಕೆಂದರೆ ಹೊಸ ಉದ್ದಿಮೆಗಳ ಹಣ ಹೆಚ್ಚಾಗಿ ಸೋರುವುದು ಇಲ್ಲಿಯೇ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಜಾಹೀರಾತು ಹಾಕುವಾಗ ಮೊದಲು ಕೇಳುವ ಪ್ರಶ್ನೆ, ನಿಮ್ಮ ಗುರಿ ಏನು ಎಂಬುದು. ಆ ಗುರಿ ಬರೀ ಹೆಸರಿಗಲ್ಲ. ಲೈಕು, ಕಮೆಂಟು ಬರಲಿ ಎಂದು ಆರಿಸಿದರೆ, ಸಿಕ್ಕಿದ್ದಕ್ಕೆಲ್ಲ ಲೈಕು ಒತ್ತುವ ಅಭ್ಯಾಸವಿರುವವರನ್ನು ಹುಡುಕಿ ಅವರಿಗೇ ಆ ವ್ಯವಸ್ಥೆ ನಮ್ಮ ಜಾಹೀರಾತು ತೋರಿಸುತ್ತದೆ. ವಾಟ್ಸಾಪ್‌ನಲ್ಲಿ ಮಾತುಕತೆ ಶುರುವಾಗಲಿ ಎಂದು ಆರಿಸಿದರೆ, ಅಂಗಡಿಗಳಿಗೆ ಸಂದೇಶ ಕಳಿಸುವ ಅಭ್ಯಾಸವಿರುವವರನ್ನು ಹುಡುಕುತ್ತದೆ. ನಾವು ಏನನ್ನು ಕೇಳಿಕೊಳ್ಳುತ್ತೇವೋ ಅದನ್ನೇ ತಂದುಕೊಡುತ್ತದೆ, ಅದಕ್ಕಿಂತ ಬೇರೆಯದನ್ನಲ್ಲ. ಮೊದಲ ಎರಡು ತಿಂಗಳು ಏಜೆನ್ಸಿಯವರು ಆರಿಸಿದ್ದು ಲೈಕಿನ ಗುರಿಯನ್ನು, ತೋರಿಸಿದ್ದು ಇಡೀ ಕರ್ನಾಟಕದ ಹದಿನೆಂಟರಿಂದ ನಲವತ್ತೈದರ ವಯಸ್ಸಿನವರಿಗೆ. ತಿಂಗಳ ವರದಿಯಲ್ಲಿ ಸಾವಿರಾರು ಜನರನ್ನು ತಲುಪಿದ ಲೆಕ್ಕ ಬಂತು, ಹಿಂಬಾಲಕರ ಸಂಖ್ಯೆ ಏರಿತು. ನಮ್ಮ ಆರ್ಡರ್ ಪುಸ್ತಕದಲ್ಲಿ ಆ ಎರಡು ತಿಂಗಳಲ್ಲಿ ಬರೆಸಿಕೊಂಡ ಹೊಸ ಗ್ರಾಹಕರು 29 ಜನ.

ಮೂರನೆಯ ತಿಂಗಳ ಆರಂಭದಲ್ಲಿ ಅವರ ಜಾಹೀರಾತು ವಿಭಾಗದ ಯುವತಿಯೊಬ್ಬರು, ಬಹುಶಃ ನಮ್ಮ ದೂರವಾಣಿ ಕರೆಗಳಿಂದ ಬೇಸತ್ತಿದ್ದರೂ, ಒಂದು ಗಂಟೆ ಕೂತು ನಮ್ಮೊಡನೆ ಮಾತಾಡಿದರು. ನಿಮ್ಮ ಹಳೆಯ ಗ್ರಾಹಕರು ಎಲ್ಲಿದ್ದಾರೆ ಎಂದು ಕೇಳಿದರು. ಎರಡು ವರ್ಷದ ಪಾರ್ಸೆಲ್ ವಿಳಾಸಗಳನ್ನು ತೆಗೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಬೆಂಗಳೂರಿನ ಮಲ್ಲೇಶ್ವರ, ಗಿರಿನಗರ, ಬನಶಂಕರಿಗಳವು, ಉಳಿದವು ಹುಬ್ಬಳ್ಳಿ, ಧಾರವಾಡ, ಮೈಸೂರಿನವು. ಅವರು ನಕ್ಷೆಯಲ್ಲಿ ಆ ಬಡಾವಣೆಗಳಿಗಷ್ಟೇ ಗುರುತು ಹಾಕಿ, ವಯಸ್ಸಿನ ಮೇಲ್ಮಿತಿ ತೆಗೆದು, ಒತ್ತಿದರೆ ನೇರ ವಾಟ್ಸಾಪ್ ತೆರೆದುಕೊಳ್ಳುವ ಜಾಹೀರಾತು ಮಾಡಿದರು. ಭಾಷೆ ಕನ್ನಡ, ಚಿತ್ರ ಜಗಲಿಯಲ್ಲಿ ತೆಗೆದ ಭರಣಿಯದು. ಆ ಒಂದು ತಿಂಗಳಲ್ಲಿ 89 ಹೊಸ ಗ್ರಾಹಕರು ಬಂದರು. ಹಣ ಅಷ್ಟೇ, ಸರಕು ಅದೇ. ಮಿಡಿ ಸಿದ್ಧವಾಗಿ ಬಾಟಲಿಗೆ ಬಂದ ಹೊತ್ತು ಅದಾಗಿತ್ತು ಎಂಬುದು ನೆರವಾಗಿರಬಹುದು, ಆದರೂ ಮುಖ್ಯವಾಗಿ ಬದಲಾದದ್ದು ಗುರಿ ಮತ್ತು ಊರು. ಇಷ್ಟು ತಿಳಿದವರು ಆ ಸಂಸ್ಥೆಯಲ್ಲಿದ್ದರೂ ಎರಡು ತಿಂಗಳು ಅವರ ಕೈಗೆ ನಮ್ಮ ಕೆಲಸ ಬರಲಿಲ್ಲ ಎಂಬುದೇ ನನ್ನ ದೊಡ್ಡ ದೂರು.

ಈಗ ಲೆಕ್ಕ ಹೇಳುತ್ತೇನೆ. ಶುಲ್ಕ 45,000, ಜಾಹೀರಾತು 15,000, ಜಿಎಸ್‌ಟಿ 10,800, ಒಟ್ಟು 70,800 ರೂಪಾಯಿ. ಹೊಸ ಗ್ರಾಹಕರು 118 ಜನ. ಅಂದರೆ ಒಬ್ಬರನ್ನು ತರಲು ಬಿದ್ದ ಖರ್ಚು 600 ರೂಪಾಯಿ. ಅರ್ಧ ಕಿಲೋ ಮಿಡಿ ಬಾಟಲಿಯಲ್ಲಿ, ಎಲ್ಲ ಕಳೆದು ನಮಗೆ ಉಳಿಯುವುದು 75 ರೂಪಾಯಿ. ಒಂದು ಮನೆಯವರು ಎಂಟು ಬಾಟಲಿ ಕೊಂಡರೆ ಮಾತ್ರ ಅವರನ್ನು ಕರೆತಂದ ಖರ್ಚು ಹುಟ್ಟುತ್ತದೆ. ಸಾಧಾರಣ ಮನೆಯೊಂದು ವರ್ಷಕ್ಕೆ ಮೂರೋ ನಾಲ್ಕೋ ಬಾಟಲಿ ಖರ್ಚು ಮಾಡುತ್ತದೆ. ಈ ಲೆಕ್ಕವನ್ನು ತಿಂಗಳ ಕೊನೆಯ ಯಾವ ವರದಿಯೂ ನಮಗೆ ತೋರಿಸಲಿಲ್ಲ. ತಲುಪಿದವರು, ನೋಡಿದವರು, ಮೆಚ್ಚಿದವರು ಎಂಬ ಮೂರು ಬಣ್ಣದ ಚಿತ್ರಗಳಿದ್ದವು. ಮತ್ತೆ ಕೊಂಡವರು ಎಷ್ಟು ಎಂಬ ಪ್ರಶ್ನೆಗೆ ಜಾಗವಿರಲಿಲ್ಲ. ಸಣ್ಣ ಉದ್ದಿಮೆಗೆ ಜಾಲತಾಣದ ಪ್ರಚಾರದಿಂದ ಆಗಬೇಕಾದದ್ದು ಜನರನ್ನು ಸೇರಿಸುವುದಲ್ಲ, ಬಂದವರು ಮರಳಿ ಬರುವಂತೆ ಮಾಡುವುದು ಎಂದು ನನಗೆ ಮನವರಿಕೆಯಾದದ್ದು ಈ ಲೆಕ್ಕ ಬರೆದ ರಾತ್ರಿ.

ಮೇ ತಿಂಗಳಿಂದ ಕೆಲಸವನ್ನು ನಾವೇ ವಹಿಸಿಕೊಂಡೆವು. ನಮಗೆ ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ವಾಟ್ಸಾಪ್ ಬಿಸಿನೆಸ್. 2018ರಿಂದ ಇರುವ, ಉಚಿತವಾಗಿ ಸಿಗುವ ಈ ಆ್ಯಪ್‌ನ ಬಗ್ಗೆ ಪ್ಯಾಕೇಜಿನಲ್ಲಿ ಒಂದೇ ಸಾಲಿನ ಉಲ್ಲೇಖವಿತ್ತು. ಅದರಲ್ಲಿ ಸರಕಿನ ಕ್ಯಾಟಲಾಗ್ ಇಡಬಹುದು, ಪ್ರತಿ ಸಂಭಾಷಣೆಗೂ ಚೀಟಿ ಅಂಟಿಸಬಹುದು, ಪದೇ ಪದೇ ಬರೆಯುವ ಉತ್ತರಗಳನ್ನು ಒಂದು ಅಕ್ಷರ ಒತ್ತಿ ಕರೆಯಬಹುದು, ನಾವು ಇಲ್ಲದ ಹೊತ್ತಿಗೆ ತಾನಾಗಿ ಹೋಗುವ ಸಂದೇಶ ಇಡಬಹುದು. ನಾವು ‘ಕೇಳಿದ್ದಾರೆ’, ‘ಹಣ ಬಂದಿದೆ’, ‘ಪಾರ್ಸೆಲ್ ಹೋಗಿದೆ’, ‘ಎರಡನೇ ಸಲ’ ಎಂಬ ನಾಲ್ಕು ಚೀಟಿ ಮಾಡಿಕೊಂಡಿದ್ದೇವೆ. ಬೆಳಗ್ಗೆ ಎದ್ದು ‘ಹಣ ಬಂದಿದೆ’ ಎಂಬುದನ್ನು ತೆರೆದರೆ ಅಂದು ಕಟ್ಟಬೇಕಾದ ಪಾರ್ಸೆಲ್‌ಗಳು ಎದುರಿಗಿರುತ್ತವೆ. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ. ‘ಮಳೆಯಿಂದಾಗಿ ಉತ್ತರ ತಡವಾಗಬಹುದು, ಸಂಜೆಯೊಳಗೆ ಖಂಡಿತ ಬರೆಯುತ್ತೇವೆ’ ಎಂಬ ಸಂದೇಶ ಆಗ ನಮ್ಮ ಮರ್ಯಾದೆ ಉಳಿಸಿದೆ.

ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯ ಒಂದು ಸೂಕ್ಷ್ಮ ಹೊಸಬರಿಗೆ ತಿಳಿದಿರಬೇಕು. ಒಂದು ಪಟ್ಟಿಯಲ್ಲಿ 256 ಜನರಿಗೆ ಮಾತ್ರ ಜಾಗ, ಮತ್ತು ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಆದ್ದರಿಂದ ಈಗ ನಮ್ಮ ಪ್ರತಿ ಪಾರ್ಸೆಲ್‌ನಲ್ಲಿ ಅಂಗೈಯಗಲದ ಒಂದು ಚೀಟಿ ಹೋಗುತ್ತದೆ: ‘ಈ ಸಂಖ್ಯೆಯನ್ನು ಸೇವ್ ಮಾಡಿಕೊಂಡರೆ ಮುಂದಿನ ಮಿಡಿ ಬಂದ ಸುದ್ದಿ ನಿಮಗೆ ಮೊದಲು ಮುಟ್ಟುತ್ತದೆ.’ ಹಣ ಕೊಟ್ಟು ಸಾವಿರ ಜನರ ಕಣ್ಣಿಗೆ ಬೀಳುವುದಕ್ಕಿಂತ, ಹೀಗೆ ತಾವಾಗಿಯೇ ಹೆಸರು ಉಳಿಸಿಕೊಂಡ ಇನ್ನೂರು ಜನರಿಗೆ ತಿಂಗಳಿಗೊಂದು ಸಂದೇಶ ಕಳಿಸುವುದು ನಮಗೆ ಹೆಚ್ಚು ಫಲ ಕೊಟ್ಟಿದೆ. ತಿಂಗಳಿಗೊಂದು, ಅದಕ್ಕಿಂತ ಹೆಚ್ಚಲ್ಲ. ಪದೇ ಪದೇ ಕಳಿಸಿದರೆ ಜನ ಸಂಖ್ಯೆಯನ್ನೇ ಬ್ಲಾಕ್ ಮಾಡುತ್ತಾರೆ, ಅದು ಅವರ ತಪ್ಪಲ್ಲ.

ರೀಲ್ಸ್ ವಿಷಯಕ್ಕೆ ಬಂದರೆ, ಏಜೆನ್ಸಿಯವರು ಮಾಡಿದ ಹನ್ನೆರಡೂ ನೋಡಲು ಚೆನ್ನಾಗಿದ್ದವು, ವೇಗದ ಸಂಗೀತವಿತ್ತು, ಅಕ್ಷರಗಳು ಹಾರಿಬರುತ್ತಿದ್ದವು. ಅವುಗಳಲ್ಲಿ ಯಾವುದನ್ನೂ ನೋಡಿ ಯಾರೂ ನಮಗೊಂದು ಪ್ರಶ್ನೆ ಕೇಳಲಿಲ್ಲ. ಒಂದು ದಿನ ಅತ್ತಿಗೆ, ‘ತಮಾ, ಮಿಡಿ ಉಪ್ಪಲ್ಲಿ ಹೆಂಗೆ ಚಿರುಟ್ತು ಅಂತ ಒಂದ್ಸಲ ತೋರ್ಸು, ಅಂಗಡಿ ಬಾಟ್ಲಿಲಿ ಅದು ಕಾಣ್ತಿಲ್ಲೆ’ ಎಂದರು. ಮಿಡಿ ಹಾಕುವಾಗ ಚಿಕ್ಕಪ್ಪನ ಮಗಳು ತನ್ನ ಫೋನಿನಲ್ಲಿ ಹಿಡಿದಿಟ್ಟಿದ್ದ ತುಣುಕುಗಳು ಹಾಗೆಯೇ ಇದ್ದವು. ತೊಳೆದು ನೀರಾರಿಸಿದ ಮಿಡಿಗಳನ್ನು ಅತ್ತಿಗೆ ಒಂದೊಂದಾಗಿ ತಿರುಗಿಸಿ ನೋಡುತ್ತಾರೆ, ತೊಟ್ಟು ಮುರಿದದ್ದನ್ನು, ಪೆಟ್ಟು ಬಿದ್ದದ್ದನ್ನು ಬದಿಗೆ ಹಾಕುತ್ತಾರೆ, ಒಂದು ಪದರ ಮಿಡಿ, ಒಂದು ಹಿಡಿ ಕಲ್ಲುಪ್ಪು, ಮತ್ತೊಂದು ಪದರ ಮಿಡಿ ಎಂದು ಭರಣಿ ತುಂಬುತ್ತಾರೆ, ಮೇಲೆ ಮಣೆಯಿಟ್ಟು ಹೊಳೆಕಲ್ಲು ಹೇರುತ್ತಾರೆ. ಮುಂದಿನ ತುಣುಕು ಎರಡು ವಾರದ ಬಳಿಕದ್ದು: ಅದೇ ಮಿಡಿ ಸುಕ್ಕುಗಟ್ಟಿ ಚಿರುಟಿ, ಬಣ್ಣ ಮಾಸಿ, ತಾನೇ ಬಿಟ್ಟ ನೀರಿನಲ್ಲಿ ಮುಳುಗಿ ಕುಳಿತಿದೆ. ಅತ್ತಿಗೆಯ ಬಳೆಯ ಸದ್ದು, ಕಲ್ಲಿಡುವ ಸದ್ದು ಬಿಟ್ಟರೆ ಬೇರೆ ಹಿನ್ನೆಲೆಯಿಲ್ಲ. ಐವತ್ತು ಸೆಕೆಂಡಿನ ಆ ರೀಲ್ಸ್‌ಗೆ ಬಂದ ಪ್ರಶ್ನೆಗಳಿಗೆ ಉತ್ತರಿಸಲು ಎರಡು ಸಂಜೆ ಬೇಕಾಯಿತು. ಕಲ್ಲುಪ್ಪೇ ಏಕೆ, ಪುಡಿಯುಪ್ಪು ಆಗದೇ, ಯಾವ ಹೊಳೆಸಾಲಿನ ಮರ, ಅಮ್ಮ ಹಾಕಿದ್ದು ಮೆತ್ತಗಾಯಿತು ಏನು ಮಾಡಲಿ ಎಂದು ಕೇಳಿದವರಲ್ಲಿ ಎಷ್ಟೋ ಜನ ಕೊನೆಗೆ ನಮ್ಮಲ್ಲಿಯೇ ಎರಡು ಬಾಟಲಿ ತರಿಸಿದರು.

ಇದನ್ನು ಏಜೆನ್ಸಿ ಮಾಡಲು ಸಾಧ್ಯವಿರಲಿಲ್ಲವೇ ಎಂದು ನ್ಯಾಯವಾಗಿ ಕೇಳಿಕೊಂಡಿದ್ದೇನೆ. ತಿಂಗಳಿಗೊಮ್ಮೆ ಬಂದುಹೋಗುವವರಿಗೆ ಉಪ್ಪು ಹಾಕುವ ದಿನವೂ, ಎರಡು ವಾರದ ಬಳಿಕ ಕಲ್ಲು ತೆಗೆಯುವ ದಿನವೂ ಸಿಗುವುದಿಲ್ಲ. ಆ ಕೆಲಸ ಮನೆಯಲ್ಲಿರುವವರಿಂದಲೇ ಆಗಬೇಕು. ಆದರೆ ‘ಹೀಗೆ ಚಿತ್ರೀಕರಿಸಿ ಕಳಿಸಿ, ನಾವು ಜೋಡಿಸಿ ಕೊಡುತ್ತೇವೆ’ ಎಂದು ಅರ್ಧ ದಿನ ಕಲಿಸಿಕೊಟ್ಟಿದ್ದರೆ ಹನ್ನೆರಡು ರೀಲ್ಸ್‌ಗಿಂತ ಅದು ಹೆಚ್ಚು ಪ್ರಯೋಜನಕ್ಕೆ ಬರುತ್ತಿತ್ತು.

ಅಡುಗೆಯ ವಿಡಿಯೊ ಮಾಡುವ ಇನ್‌ಫ್ಲುಯೆನ್ಸರ್ ಒಬ್ಬರಿಗೆ ಏಜೆನ್ಸಿಯ ಸಲಹೆಯಂತೆ ಬಾಟಲಿಗಳನ್ನು ಉಚಿತವಾಗಿ ಕಳಿಸಿದೆವು. ಅವರು ಅದನ್ನು ಪ್ರಚಾರದ ವಿಡಿಯೊ ಎಂದು ಸ್ಪಷ್ಟವಾಗಿ ನಮೂದಿಸಿಯೇ ಹಾಕಿದರು, ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಜಾಹೀರಾತು ಮಂಡಳಿಯಾದ ಎಎಸ್‌ಸಿಐ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹಣವಷ್ಟೇ ಅಲ್ಲ, ಉಚಿತವಾಗಿ ಪಡೆದ ಸರಕಿದ್ದರೂ ನೋಡುಗರಿಗೆ ತಿಳಿಸಬೇಕು. ಹಾಗೆ ತಿಳಿಸಿದ್ದರಿಂದ ನಮಗೇನೂ ನಷ್ಟವಾಗಲಿಲ್ಲ.

ನಾವೇ ನಡೆಸಿದ ಮೇ, ಜೂನ್, ಜುಲೈ ತಿಂಗಳುಗಳಲ್ಲಿ ಜಾಹೀರಾತಿಗೆ ತಿಂಗಳಿಗೆ 4,000 ರೂಪಾಯಿಯಂತೆ ತೆರಿಗೆ ಸೇರಿ 14,160 ರೂಪಾಯಿ ಖರ್ಚಾಯಿತು, 96 ಹೊಸ ಗ್ರಾಹಕರು ಬಂದರು. ತಲೆಗೆ ನೂರೈವತ್ತಕ್ಕಿಂತ ತುಸು ಕಡಿಮೆ. ಆದರೆ ಈ ಹೋಲಿಕೆಯನ್ನು ಹಾಗೆಯೇ ಮುಂದಿಡುವುದು ಏಜೆನ್ಸಿಗೆ ಅನ್ಯಾಯವಾಗುತ್ತದೆ. ಅವರು ಹಾಕಿಕೊಟ್ಟ ಅಡಿಪಾಯ, ತೆಗೆಸಿಕೊಟ್ಟ ಚಿತ್ರಗಳ ಮೇಲೆ ನಾವು ನಿಂತಿದ್ದೆವು. ಚಿಕ್ಕಪ್ಪನ ಮಗಳು ದಿನಕ್ಕೆ ಎರಡು ಗಂಟೆ ಫೋನಿಗೆ ಕೊಟ್ಟಿದ್ದಾಳೆ. ಅದನ್ನು ಗಂಟೆಗೆ ನೂರು ರೂಪಾಯಿಯಂತೆ ಹಿಡಿದರೂ 18,000 ಆಗುತ್ತದೆ, ಆಗ ಒಬ್ಬ ಗ್ರಾಹಕರ ಖರ್ಚು 335 ರೂಪಾಯಿ. ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಬೆಲೆ ಕಟ್ಟದೆ ‘ನಾವೇ ಮಾಡಿದರೆ ಪುಕ್ಕಟೆ’ ಎನ್ನುವವರ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಅದನ್ನೆಲ್ಲ ಸೇರಿಸಿಯೂ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಎಂಬುದು ಉಳಿಯುತ್ತದೆ. ಮೊದಲ 118 ಜನರಲ್ಲಿ ಚೌತಿಯ ಹೊತ್ತಿಗೆ 41 ಜನ ಮತ್ತೆ ತರಿಸಿದ್ದರು. ಅವರಲ್ಲಿ 33 ಜನ ಮೂರನೆಯ ತಿಂಗಳ ವಾಟ್ಸಾಪ್ ಜಾಹೀರಾತಿನಿಂದ ಬಂದವರು. ಮಾತಾಡಿಸಿ ಮಾರಿದರೆ ಕೊಂಡವರು ಮರಳಿ ಬರುತ್ತಾರೆ.

ಸ್ವಂತವಾಗಿ ನಡೆಸುವುದರ ಇನ್ನೊಂದು ಅನುಕೂಲ ಮಳೆಗಾಲದಲ್ಲಿ ತಿಳಿಯಿತು. ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದೋ, ಮರ ಬಿದ್ದೋ ಪಾರ್ಸೆಲ್ ಗಾಡಿಗಳು ತಡವಾಗುವ ದಿನ ನಾವು ಬೆಳಗ್ಗೆಯೇ ಜಾಹೀರಾತು ನಿಲ್ಲಿಸಿಬಿಡುತ್ತೇವೆ. ಕಳಿಸಲಾಗದ ದಿನ ಆರ್ಡರ್ ಕರೆದರೆ ಹೊಸ ಗ್ರಾಹಕರಿಗೆ ಮೊದಲ ಅನುಭವವೇ ಕಾಯುವುದಾಗುತ್ತದೆ.

ಕರಾವಳಿಯ ಗೆಳೆಯರೊಂದಿಗೆ ಮಾತಾಡಿದಾಗ ಅವರ ಅಗತ್ಯ ನಮ್ಮದಕ್ಕಿಂತ ಬೇರೆಯೆಂದು ಕಂಡಿತು. ಹೊನ್ನಾವರದಲ್ಲಿ ಹೋಮ್‌ಸ್ಟೇ ನಡೆಸುವವರಿಗೆ ರೀಲ್ಸ್‌ಗಿಂತ ಗೂಗಲ್ ಮ್ಯಾಪಿನಲ್ಲಿ ಕಾಣುವ ವ್ಯಾಪಾರದ ಪುಟ ಮುಖ್ಯ. 2020ರಲ್ಲಿ ಅಲ್ಲಿನ ಕಾಸರಕೋಡು ಕಡಲತೀರಕ್ಕೆ, ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ‘ನೀಲಿ ಬಾವುಟ’ದ ಮಾನ್ಯತೆ ಸಿಕ್ಕ ಮೇಲೆ ಅಲ್ಲಿಗೆ ಬರುವ ಪ್ರವಾಸಿಗರು ದಾರಿಯಲ್ಲೇ ಫೋನ್ ತೆಗೆದು ‘ಹತ್ತಿರದಲ್ಲಿ ಉಳಿಯಲು’ ಎಂದು ಹುಡುಕುತ್ತಾರೆ. ಆಗ ಸರಿಯಾದ ಸ್ಥಳದ ಗುರುತು, ಈಚಿನ ಫೋಟೋಗಳು, ಹಿಂದೆ ಉಳಿದವರ ಅಭಿಪ್ರಾಯ ಮತ್ತು ಅದಕ್ಕೆ ಮಾಲೀಕರ ಉತ್ತರ ಇದ್ದರೆ ಸಾಕು. ಆ ಪುಟ ಉಚಿತ, ಆದರೆ ಕಾರವಾರದ ಪರಿಚಿತರೊಬ್ಬರಿಗೆ ನೀಡಿದ ಪ್ಯಾಕೇಜಿನಲ್ಲಿ ಅದನ್ನು ‘ವಿಶೇಷ ಸೇವೆ’ ಎಂದು ಪ್ರತ್ಯೇಕ ದರಕ್ಕೆ ಇಟ್ಟಿದ್ದರು. ಅಂಕೋಲೆಯ ಕರಿ ಇಶಾಡ ಬೆಳೆದವರಿಗೆ ಹಣ್ಣಿನ ಕಾಲ ಕೆಲವೇ ವಾರ, ಹಣ್ಣು ದೂರದ ಪ್ರಯಾಣ ತಾಳುವುದಿಲ್ಲ. ಅವರಿಗೆ ಬೇಕಾದದ್ದು ಮುಂಗಡ ಬರೆಸಿಕೊಳ್ಳುವ ವಾಟ್ಸಾಪ್ ಪಟ್ಟಿ ಮಾತ್ರ. ಎಲ್ಲರಿಗೂ ಹನ್ನೆರಡು ಪೋಸ್ಟ್, ನಾಲ್ಕು ರೀಲ್ಸ್ ಎಂಬ ಒಂದೇ ಅಳತೆಯ ಅಂಗಿ ಹೊಲಿಯುವುದು ಈ ಸೇವೆಯ ಮೂಲಭೂತ ದೋಷ.

ಒಪ್ಪಂದಕ್ಕೆ ಸಹಿ ಹಾಕುವವರು ಗಮನಿಸಲೇಬೇಕಾದ ಸಂಗತಿ ಇನ್ನೊಂದಿದೆ, ನಾವು ಅದನ್ನು ತಡವಾಗಿ ಕಲಿತೆವು. ನಮ್ಮ ಜಾಹೀರಾತಿನ ಖಾತೆಯನ್ನು ಏಜೆನ್ಸಿಯವರು ತಮ್ಮ ಹೆಸರಿನಲ್ಲೇ ತೆರೆದಿದ್ದರು. ಅವಧಿ ಮುಗಿದಾಗ ಯಾವ ಜಾಹೀರಾತು ಫಲ ಕೊಟ್ಟಿತು, ಯಾರು ಪ್ರತಿಕ್ರಿಯಿಸಿದರು ಎಂಬ ಮೂರು ತಿಂಗಳ ದಾಖಲೆಯೆಲ್ಲ ಅಲ್ಲಿಯೇ ಉಳಿಯಿತು, ಪುಟದ ಪೂರ್ಣ ಹಕ್ಕು ನಮ್ಮ ಕೈಗೆ ಬರಲು ಮೂರು ವಾರ ಕಾಯಬೇಕಾಯಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆಯ ಸಂಸ್ಥೆಯಾದ ಮೆಟಾದ ಬಿಸಿನೆಸ್ ಸೂಟ್‌ನಲ್ಲಿ ಉದ್ದಿಮೆಯ ಖಾತೆಯನ್ನು ನಾವೇ ನಮ್ಮ ಹೆಸರಿನಲ್ಲಿ ತೆರೆದು, ಏಜೆನ್ಸಿಗೆ ಪಾಲುದಾರರ ಅನುಮತಿಯನ್ನಷ್ಟೇ ಕೊಡುವುದು ಸರಿಯಾದ ಕ್ರಮ. ಕೆಲಸ ಮುಗಿದ ದಿನ ಆ ಅನುಮತಿಯನ್ನು ಹಿಂಪಡೆದರಾಯಿತು. ಪಾಸ್‌ವರ್ಡನ್ನು ಯಾರಿಗೂ ಕೊಡಬೇಕಾಗಿಲ್ಲ. ತೆಗೆಸಿದ ಚಿತ್ರಗಳ ಮೂಲ ಫೈಲುಗಳು ನಮಗೇ ಸೇರಬೇಕೆಂದೂ ಬರೆಸಿಕೊಳ್ಳಬೇಕು. ಆ ಎಂಬತ್ತು ಚಿತ್ರಗಳು ನಮಗೆ ಸಿಕ್ಕಿದ್ದು ಆ ಹುಡುಗ ಅಂದೇ ಸಂಜೆ ತನ್ನ ಒಳ್ಳೆಯತನದಿಂದ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರಿಂದ.

ಒಟ್ಟಿನಲ್ಲಿ ಈ ಸೇವೆಯನ್ನು ಇಡಿಯಾಗಿ ಕೊಳ್ಳಿ ಎಂದು ನಮ್ಮಂಥ ಉದ್ದಿಮೆಗೆ ನಾನು ಹೇಳಲಾರೆ. ದಿನವಿಡೀ ಅಡುಗೆಮನೆಯಲ್ಲೇ ಇದ್ದು ಫೋನು ನೋಡಲು ಯಾರೂ ಇಲ್ಲದವರಿಗೆ, ಅಥವಾ ವರ್ಷವಿಡೀ ಒಂದೇ ಸಮನೆ ಸರಕು ಪೂರೈಸಬಲ್ಲವರಿಗೆ ಅದು ಹೊಂದಬಹುದು. ನಾವು ಬರುವ ಹಂಗಾಮಿಗೆ ಅದೇ ಏಜೆನ್ಸಿಯೊಂದಿಗೆ ಬೇರೆ ಬಗೆಯ ಒಪ್ಪಂದ ಮಾಡಿಕೊಂಡಿದ್ದೇವೆ. ಆ ಫೋಟೋಗ್ರಾಫರ್ ಒಂದು ದಿನ ಬರಬೇಕು, ಜಾಹೀರಾತು ವಿಭಾಗದ ಆ ಯುವತಿ ನಮ್ಮದೇ ಖಾತೆಯಲ್ಲಿ ಜಾಹೀರಾತನ್ನು ಹೊಂದಿಸಿಕೊಟ್ಟು ತಿಂಗಳಿಗೆ ಎರಡು ಗಂಟೆ ನಮ್ಮೊಡನೆ ಕೂತು ಲೆಕ್ಕ ನೋಡಬೇಕು. ಪೋಸ್ಟರ್ ಇಲ್ಲ, ಹಬ್ಬದ ಶುಭಾಶಯವಿಲ್ಲ, ವರದಿಯಲ್ಲಿ ಆರ್ಡರ್ ಮತ್ತು ಎರಡನೇ ಸಲ ಬಂದವರ ಸಂಖ್ಯೆ ಮಾತ್ರ. ಅವರು ಇದಕ್ಕೆ ಮೊದಲಿನ ಶುಲ್ಕದ ಮೂರರಲ್ಲೊಂದು ಪಾಲು ಕೇಳಿದರು, ನಾವು ಚೌಕಾಸಿಯಿಲ್ಲದೆ ಒಪ್ಪಿದೆವು. ಫೋಟೋ ತೆಗೆಯುವ ದಿನಾಂಕದ ಜಾಗವನ್ನು ಮಾತ್ರ ಖಾಲಿ ಬಿಟ್ಟು ಸಹಿ ಮಾಡಿದ್ದೇವೆ. ಕೊಯ್ಯುವವರು ಮರ ಹತ್ತುವ ದಿನ ಗೊತ್ತಾದ ಮೇಲೆ ಅದನ್ನು ತುಂಬಬೇಕು.